ವಿಂಡೋ ಮ್ಯಾನೇಜರ್ ತನ್ನೊಳಗೇ ಸಿಸ್ಟಂ ಟ್ರೇ ಇಟ್ಟುಕೊಳ್ಳಬೇಕೇ? ಪದೇ ಪದೇ ಕೇಳುವ ಪ್ರಶ್ನೆಗಳು

ಲಿನಕ್ಸ್ ಡೆಸ್ಕ್‌ಟಾಪನ್ನು ತಮಗೆ ಬೇಕಾದ ಹಾಗೆ ಬಿಡಿಬಿಡಿಯಾಗಿ ಜೋಡಿಸಿಕೊಳ್ಳಲು ಹೊರಟವರಿಗೆ ಮೊದಲ ದಿನವೇ ಒಂದು ಕೊರತೆ ಎದುರಾಗುತ್ತದೆ. ವೈಫೈ, ಬ್ಲೂಟೂತ್, ಧ್ವನಿ, ಕೀಲಿಮಣೆಯ ಭಾಷೆ ಇವುಗಳನ್ನು ತೋರಿಸುತ್ತಿದ್ದ ಪುಟ್ಟ ಐಕಾನ್‌ಗಳು ಕಾಣೆಯಾಗಿರುತ್ತವೆ. ಆಗ ಹುಟ್ಟುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಐಕಾನ್‌ಗಳು ಕೂರುವ ಆ ಜಾಗ, ಅಂದರೆ ಟ್ರೇ, ಪರದೆಯ ಮೇಲೆ ವಿಂಡೋಗಳನ್ನು ಜೋಡಿಸುವ ತಂತ್ರಾಂಶವಾದ ವಿಂಡೋ ಮ್ಯಾನೇಜರಿನ ಜೊತೆಯಲ್ಲೇ ಬರಬೇಕು, ಆದರೆ ಅದರ ಹೊಟ್ಟೆಯೊಳಗೆ ಇರಬಾರದು. ಈ ಎರಡು ಮಾತುಗಳು ಏಕೆ ಬೇರೆ ಬೇರೆ ಎಂಬುದೇ ಈ ಬರಹದ ವಿಷಯ.

ಸಿಸ್ಟಂ ಟ್ರೇ ಎಂದು ಯಾವುದನ್ನು ಕರೆಯುತ್ತೇವೆ?

ಪರದೆಯ ಅಂಚಿನ ಬಾರ್‌ನಲ್ಲಿ, ಸಾಮಾನ್ಯವಾಗಿ ಗಡಿಯಾರದ ಪಕ್ಕದಲ್ಲಿ, ಹಿನ್ನೆಲೆಯಲ್ಲಿ ಓಡುತ್ತಿರುವ ತಂತ್ರಾಂಶಗಳು ತಮ್ಮ ಐಕಾನ್ ತಂದಿಡುವ ಜಾಗವೇ ಸಿಸ್ಟಂ ಟ್ರೇ. 1995ರಲ್ಲಿ ವಿಂಡೋಸ್ 95ರ ಟಾಸ್ಕ್‌ಬಾರ್ ಮೂಲಕ ಇದು ಬಹುಜನರ ಪರಿಚಯಕ್ಕೆ ಬಂತು. ಮೈಕ್ರೋಸಾಫ್ಟ್ ಇಟ್ಟ ಅಧಿಕೃತ ಹೆಸರು ನೋಟಿಫಿಕೇಶನ್ ಏರಿಯಾ ಎಂದಿದ್ದರೂ ಜನರ ಬಾಯಲ್ಲಿ ಉಳಿದದ್ದು ಸಿಸ್ಟಂ ಟ್ರೇ ಎಂಬ ಹೆಸರೇ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಗಡಿಯಾರ, ಬ್ಯಾಟರಿಯ ಶೇಕಡಾ ಪ್ರಮಾಣ, ವರ್ಕ್‌ಸ್ಪೇಸ್ ಸಂಖ್ಯೆ ಇವುಗಳನ್ನು ಬಾರ್ ತಾನೇ ಲೆಕ್ಕಹಾಕಿ ತಾನೇ ಬರೆಯುತ್ತದೆ. ಅವು ಟ್ರೇಯ ಭಾಗವಲ್ಲ. ಬಾರ್‌ಗೆ ಯಾವ ರೀತಿಯಲ್ಲೂ ಪರಿಚಯವಿಲ್ಲದ ಬೇರೊಂದು ತಂತ್ರಾಂಶ ತಾನಾಗಿ ಬಂದು ಜಾಗ ಕೇಳಿ ಕುಳಿತುಕೊಳ್ಳುತ್ತದಲ್ಲ, ಆ ಜಾಗ ಮಾತ್ರ ಟ್ರೇ. ಎಲ್ಲ ತೊಡಕೂ ಹುಟ್ಟುವುದು ಈ ಪರಿಚಯವಿಲ್ಲದ ಅತಿಥಿಯಿಂದಲೇ.

ವಿಂಡೋ ಮ್ಯಾನೇಜರಿನ ಕೆಲಸ ಎಲ್ಲಿಗೆ ಮುಗಿಯುತ್ತದೆ?

ಲಿನಕ್ಸ್‌ನಲ್ಲಿ ಪರದೆಯ ಮೇಲೆ ವಿಂಡೋಗಳನ್ನು ತೋರಿಸುವ, 1987ರಲ್ಲಿ ಬಂದ ಎಕ್ಸ್11 ವ್ಯವಸ್ಥೆಯಲ್ಲಿ ವಿಂಡೋ ಮ್ಯಾನೇಜರ್ ಕೂಡ ಉಳಿದ ತಂತ್ರಾಂಶಗಳಂತೆ, ಪರದೆಯನ್ನು ನೋಡಿಕೊಳ್ಳುವ ಸರ್ವರ್‌ಗೆ ಜೋಡಿಸಿಕೊಂಡ ಒಂದು ಕ್ಲೈಂಟ್ ಅಷ್ಟೇ. ವಿಂಡೋ ಎಲ್ಲಿರಬೇಕು, ಎಷ್ಟು ದೊಡ್ಡದಿರಬೇಕು, ಯಾವುದು ಮೇಲೆ ಯಾವುದು ಕೆಳಗೆ, ಒತ್ತಿದ ಕೀಲಿ ಯಾವ ವಿಂಡೋಗೆ ತಲುಪಬೇಕು ಎಂಬುದನ್ನು ತೀರ್ಮಾನಿಸುವುದು ಅದರ ಕೆಲಸ. ತಂತ್ರಾಂಶಗಳೂ ವಿಂಡೋ ಮ್ಯಾನೇಜರೂ ಪರಸ್ಪರ ಹೇಗೆ ವ್ಯವಹರಿಸಬೇಕೆಂದು ಹೇಳುವ ನಿಯಮಾವಳಿಗಳಾದ ಐಸಿಸಿಸಿಎಂ ಮತ್ತು ಇಡಬ್ಲ್ಯುಎಂಎಚ್ ಎರಡರಲ್ಲೂ ಟ್ರೇಯ ವಿಧಾನ ಬರೆದಿಲ್ಲ. ಡೆಸ್ಕ್‌ಟಾಪ್‌ಗಳಿಗೆ ಸಾಮಾನ್ಯ ನಿಯಮಗಳನ್ನು ರೂಪಿಸುವ ಫ್ರೀಡೆಸ್ಕ್‌ಟಾಪ್ ಯೋಜನೆಯವರು ಅದನ್ನು ಪ್ರತ್ಯೇಕ ನಿಯಮಾವಳಿಯಾಗಿ ಬರೆದರು. ಟ್ರೇ ನಡೆಸುವುದು ವಿಂಡೋ ಮ್ಯಾನೇಜರೇ ಆಗಿರಬೇಕೆಂದು ಅದು ಹೇಳುವುದಿಲ್ಲ. ಯಾವ ಕ್ಲೈಂಟ್ ಬೇಕಾದರೂ ಆ ಹೊಣೆಯನ್ನು ಹೊರಬಹುದು.

ಎಕ್ಸ್11ನಲ್ಲಿ ಐಕಾನ್ ಟ್ರೇಯೊಳಗೆ ಬರುವುದು ಹೇಗೆ?

ನಕಲು ಮಾಡಿ ಅಂಟಿಸುವುದಕ್ಕೆ ಎಕ್ಸ್11 ಬಳಸುವ ಸೆಲೆಕ್ಷನ್ ಎಂಬ ಏರ್ಪಾಡನ್ನೇ ಟ್ರೇಯೂ ಬಳಸಿಕೊಳ್ಳುತ್ತದೆ. ಸೆಲೆಕ್ಷನ್ ಎಂದರೆ ಒಂದು ಹೆಸರು. ಆ ಹೆಸರಿಗೆ ಒಂದು ಹೊತ್ತಿನಲ್ಲಿ ಒಬ್ಬನೇ ಒಡೆಯ. ಟ್ರೇ ಆಗಬಯಸುವ ತಂತ್ರಾಂಶ ತನ್ನ ಸ್ಕ್ರೀನ್ ಸಂಖ್ಯೆಗೆ ಮೀಸಲಾದ ಆ ಹೆಸರಿನ ಒಡೆತನ ಪಡೆದು, ತಾನು ಬಂದಿದ್ದೇನೆಂದು ಇಡೀ ಪರದೆಯ ತಳದಲ್ಲಿರುವ ರೂಟ್ ವಿಂಡೋ ಮೂಲಕ ಎಲ್ಲರಿಗೂ ಸಾರುತ್ತದೆ. ಐಕಾನ್ ಇಡಬೇಕಾದ ತಂತ್ರಾಂಶ ಒಂದು ಪುಟ್ಟ ವಿಂಡೋ ಮಾಡಿ, ಒಡೆಯನಿಗೆ ‘ಇದನ್ನು ಸೇರಿಸಿಕೋ’ ಎಂಬ ಸಂದೇಶ ಕಳಿಸುತ್ತದೆ. ಅನಂತರ ಟ್ರೇ ಆ ವಿಂಡೋವನ್ನು ಎಕ್ಸ್‌ಎಂಬೆಡ್ ಎಂಬ ಪ್ರೊಟೊಕಾಲ್ ಪ್ರಕಾರ ತನ್ನ ವಿಂಡೋದೊಳಗೆ ಕೂರಿಸಿಕೊಳ್ಳುತ್ತದೆ.

ಆದ್ದರಿಂದ ನಾವು ಐಕಾನ್ ಎಂದು ನೋಡುವುದು ಚಿತ್ರವಲ್ಲ. ಅದು ಬೇರೆ ತಂತ್ರಾಂಶದ ಜೀವಂತ ವಿಂಡೋ. ಅದರೊಳಗೆ ಏನು ಬರೆಯಬೇಕು, ಒತ್ತಿದರೆ ಏನಾಗಬೇಕು ಎಂಬುದೆಲ್ಲ ಆ ತಂತ್ರಾಂಶಕ್ಕೇ ಸೇರಿದ್ದು. ಟ್ರೇ ಕೊಡುವುದು ಜಾಗ ಮಾತ್ರ. ಹಿನ್ನೆಲೆಯ ಬಣ್ಣ ಹೊಂದದೆ ಐಕಾನ್ ಸುತ್ತ ಕಪ್ಪು ಚೌಕ ಕಾಣಿಸುವುದು, ಹೆಚ್ಚು ಸಾಂದ್ರತೆಯ ಪರದೆಯಲ್ಲಿ ಐಕಾನ್ ಚುಕ್ಕೆಯಷ್ಟಾಗುವುದು ಇವೆಲ್ಲ ಈ ಏರ್ಪಾಡಿನ ಫಲ. ಬಾರ್ ಬರೆದವರನ್ನು ದೂರುವ ಮೊದಲು ಇದನ್ನು ತಿಳಿದಿರುವುದು ನ್ಯಾಯ.

ಡಿ-ಬಸ್ ಮೂಲಕ ನಡೆಯುವ ಹೊಸ ಪದ್ಧತಿ ಯಾವುದು?

ಡಿ-ಬಸ್ ಎಂದರೆ ತಂತ್ರಾಂಶಗಳು ಪರಸ್ಪರ ಸಂದೇಶ ಕಳಿಸಿಕೊಳ್ಳುವ ಏರ್ಪಾಡು. ಅದರ ಮೂಲಕ ನಡೆಯುವ ಪದ್ಧತಿಯ ಹೆಸರು ಸ್ಟೇಟಸ್ ನೋಟಿಫೈಯರ್ ಐಟಂ. ಕೆಡಿಇ ಎಂಬ ಡೆಸ್ಕ್‌ಟಾಪ್ ಯೋಜನೆಯಲ್ಲಿ ಹುಟ್ಟಿ, 2010ರ ಉಬುಂಟು 10.04ರ ಹೊತ್ತಿಗೆ, ಉಬುಂಟು ಹೊರತರುವ ಕೆನಾನಿಕಲ್ ಸಂಸ್ಥೆಯ ಆ್ಯಪ್‌ಇಂಡಿಕೇಟರ್ ರೂಪದಲ್ಲಿಯೂ ಹರಡಿತು. ಇಲ್ಲಿ ವಿಂಡೋ ಕೂರಿಸುವ ಮಾತೇ ಇಲ್ಲ. ತಂತ್ರಾಂಶ ತನ್ನ ಐಕಾನಿನ ಹೆಸರನ್ನೋ ಚಿತ್ರದ ಬಿಂದುಗಳನ್ನೋ, ಶೀರ್ಷಿಕೆಯನ್ನು, ಸ್ಥಿತಿಯನ್ನು, ಮೆನುವನ್ನು ಡಿ-ಬಸ್ ಮೂಲಕ ತಿಳಿಸುತ್ತದೆ. ತೋರಿಸುವವರು ತಮಗೆ ಒಪ್ಪುವ ಅಳತೆಯಲ್ಲಿ, ಬಣ್ಣದಲ್ಲಿ ಬಿಡಿಸಿಕೊಳ್ಳುತ್ತಾರೆ. ನೋಂದಣಿ ನೋಡಿಕೊಳ್ಳುವ ವಾಚರ್ ಒಂದು, ತೋರಿಸುವ ಹೋಸ್ಟ್ ಎಷ್ಟು ಬೇಕಾದರೂ.

ವಿಧಾನವಾಗಿ ಇದು ಹಳೆಯದಕ್ಕಿಂತ ಎಷ್ಟೋ ಮೇಲು. ಆದರೆ ಕರಡು ನಿಯಮಾವಳಿಯಲ್ಲಿ ಫ್ರೀಡೆಸ್ಕ್‌ಟಾಪ್ ಹೆಸರು ಬರೆದಿದ್ದರೂ ಎಲ್ಲರೂ ಅಳವಡಿಸಿದ್ದು ಕೆಡಿಇ ಹೆಸರನ್ನೇ. ಎಡಗುಂಡಿ ಒತ್ತಿದರೆ ಕೆಲವು ತಂತ್ರಾಂಶಗಳ ವಿಂಡೋ ತೆರೆಯುತ್ತದೆ, ಕೆಲವುಗಳಲ್ಲಿ ಮೆನು ಮಾತ್ರ ಬರುತ್ತದೆ. ಬರೆದದ್ದೊಂದು, ನಡೆಯುವುದೊಂದು ಆಗಿರುವ ಈ ಸ್ಥಿತಿ ಮುಂದಿನ ಒಂದು ಪ್ರಶ್ನೆಯಲ್ಲಿ ಮತ್ತೆ ಲೆಕ್ಕಕ್ಕೆ ಬರುತ್ತದೆ.

ಯಾವ ವಿಂಡೋ ಮ್ಯಾನೇಜರ್‌ಗಳು ಟ್ರೇ ಕೊಡುತ್ತವೆ, ಯಾವುವು ಕೊಡುವುದಿಲ್ಲ?

ಐಸ್‌ಡಬ್ಲ್ಯೂಎಂ, ಫ್ಲಕ್ಸ್‌ಬಾಕ್ಸ್, ಜೆಡಬ್ಲ್ಯೂಎಂ ಇವುಗಳಲ್ಲಿ ಬಾರ್‌ನೊಂದಿಗೆ ಟ್ರೇಯೂ ಇದೆ. ಲುವಾ ಭಾಷೆಯಲ್ಲಿ ಹೊಂದಿಸಿಕೊಳ್ಳುವ ಆಸಮ್, ಪೈಥಾನಿನಲ್ಲಿ ಬರೆದ ಕ್ಯೂಟೈಲ್ ಎರಡೂ ಟ್ರೇಯನ್ನು ವಿಜೆಟ್ ಆಗಿ ಕೊಡುತ್ತವೆ. ಓಪನ್‌ಬಾಕ್ಸ್, ಬಿಎಸ್‌ಪಿಡಬ್ಲ್ಯೂಎಂ, ಎಕ್ಸ್‌ಮೊನಾಡ್, ಡಿಡಬ್ಲ್ಯೂಎಂ ಇವುಗಳಲ್ಲಿ ಇಲ್ಲ. ಎಕ್ಸ್‌ಎಫ್‌ಸಿಇ, ಮಾಟೆ, ಎಲ್‌ಎಕ್ಸ್‌ಕ್ಯೂಟಿ ಮುಂತಾದ ಪೂರ್ಣ ಡೆಸ್ಕ್‌ಟಾಪ್‌ಗಳಲ್ಲಿ ಟ್ರೇ ಇರುವುದು ಪ್ಯಾನೆಲ್ ಎಂಬ ಬೇರೆ ತಂತ್ರಾಂಶದಲ್ಲಿ. ಅಲ್ಲಿಯ ವಿಂಡೋ ಮ್ಯಾನೇಜರ್‌ಗೆ ಟ್ರೇಯ ಗೊಡವೆಯೇ ಇಲ್ಲ.

ಐ3 ಈ ಎರಡು ಗುಂಪಿಗೂ ಸೇರದ ಉದಾಹರಣೆ. ಅದನ್ನು ಕೆಳಗೆ ಬಿಡಿಸಿ ಹೇಳುತ್ತೇನೆ.

ಒಳಗೇ ಇರಲಿ ಎನ್ನುವವರ ವಾದದಲ್ಲಿ ಹುರುಳಿದೆಯೇ?

ಇದೆ, ಮತ್ತು ಅದನ್ನು ಹಗುರವಾಗಿ ತಳ್ಳಿಹಾಕುವುದು ತಪ್ಪು.

ಮೊದಲನೆಯದು ಆರಂಭದ ಕ್ರಮ. ಟ್ರೇ ಬರುವ ಮೊದಲೇ, ವೈಫೈ ಐಕಾನ್ ತೋರಿಸುವ ಎನ್‌ಎಂ-ಆ್ಯಪ್ಲೆಟ್‌ನಂತಹ ತಂತ್ರಾಂಶ ಶುರುವಾದರೆ, ಅದು ಒಡೆಯನ ಸಾರಿಕೆಗಾಗಿ ಕಾದು ಅನಂತರ ಸೇರಿಕೊಳ್ಳಬೇಕೆಂಬುದು ನಿಯಮ. ಎಲ್ಲ ತಂತ್ರಾಂಶಗಳೂ ಹಾಗೆ ಕಾಯುವುದಿಲ್ಲ. ಕೆಲವು ಐಕಾನ್ ತೋರಿಸುವುದನ್ನೇ ಬಿಟ್ಟುಬಿಡುತ್ತವೆ. ಕೆಲವು ಆ ಪುಟ್ಟ ವಿಂಡೋವನ್ನು ಸಾಮಾನ್ಯ ವಿಂಡೋವಾಗಿ ತೆರೆದು, ವಿಂಡೋಗಳನ್ನು ಹೆಂಚಿನಂತೆ ಪಕ್ಕಪಕ್ಕದಲ್ಲಿ ಜೋಡಿಸುವ ಟೈಲಿಂಗ್ ವಿಂಡೋ ಮ್ಯಾನೇಜರ್ ಅದಕ್ಕೆ ಅರ್ಧ ಪರದೆಯನ್ನು ಬಿಟ್ಟುಕೊಡುವಂತೆ ಮಾಡುತ್ತವೆ. ವಿಂಡೋ ಮ್ಯಾನೇಜರೇ ಟ್ರೇಯಾಗಿದ್ದರೆ ಅದು ಎಲ್ಲರಿಗಿಂತ ಮೊದಲೇ ಸಿದ್ಧವಾಗಿರುತ್ತದೆ.

ಎರಡನೆಯದು ಇನ್ನೂ ಗಂಭೀರ. ಮುಚ್ಚುವ ಗುಂಡಿ ಒತ್ತಿದರೆ ನಿಲ್ಲದೆ ಟ್ರೇಗೆ ಸರಿದು ಓಡುತ್ತಲೇ ಇರುವ ಚಾಟ್, ಕರೆ, ಕಡತ ಹೊಂದಾಣಿಕೆಯ ತಂತ್ರಾಂಶಗಳು ಇಂದು ಬೇಕಾದಷ್ಟಿವೆ. ಟ್ರೇಯಿಲ್ಲದ ಕಡೆ ಅಂಥ ತಂತ್ರಾಂಶ ಓಡುತ್ತಿರುತ್ತದೆ, ಆದರೆ ಅದನ್ನು ತಲುಪುವ ದಾರಿ ಇರುವುದಿಲ್ಲ. ಮೈಕ್ ಹಿಡಿದುಕೊಂಡಿರುವ ತಂತ್ರಾಂಶವೊಂದು ಕಣ್ಣಿಗೆ ಬೀಳದೆ ಓಡುತ್ತಿದೆ ಎಂಬುದು ಅನುಕೂಲದ ಪ್ರಶ್ನೆಯಷ್ಟೇ ಅಲ್ಲ, ಖಾಸಗಿತನದ ಪ್ರಶ್ನೆಯೂ ಹೌದು.

ಮೂರನೆಯದು ಹೊಸಬರ ವಿಚಾರ. ‘ನಿಮಗೆ ಬೇಕಾದ ಟ್ರೇಯನ್ನು ನೀವೇ ಹುಡುಕಿಕೊಳ್ಳಿ’ ಎಂಬ ಮಾತು ಹತ್ತು ವರ್ಷ ಬಳಸಿದವರಿಗೆ ಸ್ವಾತಂತ್ರ್ಯದಂತೆ ಕೇಳಿಸುತ್ತದೆ. ನಿನ್ನೆ ಬಂದವರಿಗೆ ಅದು ಬಾಗಿಲು ಹಾಕಿದಂತೆ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಟ್ರೇ ಏಕೆ ಹೆಚ್ಚು ಮುಖ್ಯ?

ಲಿನಕ್ಸ್‌ನಲ್ಲಿ ಕನ್ನಡ ಬರೆಯುವವರಲ್ಲಿ ಬಹಳ ಮಂದಿ ಐಬಸ್ ಅಥವಾ ಎಫ್‌ಸಿಐಟಿಎಕ್ಸ್ ಎಂಬ ಇನ್‌ಪುಟ್ ತಂತ್ರಾಂಶಗಳ ಮೂಲಕ, ಕೀಲಿಮಣೆ ವಿನ್ಯಾಸಗಳ ಎಂ17ಎನ್ ಸಂಗ್ರಹದಲ್ಲಿರುವ ಕಗಪ, ಇನ್‌ಸ್ಕ್ರಿಪ್ಟ್ ಅಥವಾ ಐಟ್ರಾನ್ಸ್ ವಿನ್ಯಾಸದಲ್ಲಿ ಬರೆಯುತ್ತಾರೆ. ಈಗ ಕೀಲಿಮಣೆ ಕನ್ನಡದಲ್ಲಿದೆಯೋ ಇಂಗ್ಲಿಷಿನಲ್ಲಿದೆಯೋ ಎಂದು ತೋರಿಸುವುದು ಟ್ರೇಯಲ್ಲಿರುವ ಐಕಾನ್. ಒಂದೇ ಭಾಷೆಯಲ್ಲಿ ಟೈಪ್ ಮಾಡುವವರಿಗೆ ಆ ಐಕಾನ್ ಅಲಂಕಾರವೆನಿಸಬಹುದು. ದಿನಕ್ಕೆ ನೂರು ಸಲ ಭಾಷೆ ಬದಲಿಸುವ ನಮಗೆ ಅದು ಟೈಪ್ ಮಾಡುವ ಮುನ್ನ ನೋಡಲೇಬೇಕಾದ ಗುರುತು. ಟರ್ಮಿನಲ್‌ನಲ್ಲಿ ಆಜ್ಞೆ ಕೊಡಲು ಹೋಗಿ ಕನ್ನಡ ಅಕ್ಷರ ಮೂಡುವುದು ಒಂದು ತರಹದ ಕಿರಿಕಿರಿ. ಅಕ್ಷರವೇ ಕಾಣದ ಪಾಸ್‌ವರ್ಡ್ ಚೌಕದಲ್ಲಿ ಏಕೆ ತಪ್ಪಾಗುತ್ತಿದೆ ಎಂದು ತಿಳಿಯದೆ ಮೂರು ಸಲ ಸೋಲುವುದು ಅದಕ್ಕಿಂತ ದೊಡ್ಡ ಕಿರಿಕಿರಿ.

ಪರಿಚಯದವರೊಬ್ಬರ ಹಳೆಯ ಲ್ಯಾಪ್‌ಟಾಪ್‌ಗೆ ಟ್ರೇಯಿಲ್ಲದ ವಿಂಡೋ ಮ್ಯಾನೇಜರ್ ಹಾಕಿಕೊಟ್ಟಾಗ, ಅವರು ಎರಡು ದಿನದ ಮೇಲೆ ಕೇಳಿದ್ದು ಒಂದೇ ಮಾತು: ‘ಕನ್ನಡ ಆನ್ ಆಗಿದೆಯೋ ಇಲ್ಲವೋ ಗೊತ್ತಾಗೋದು ಹೇಗೆ?’ ವೇಗ, ಮೆಮೊರಿಯ ಉಳಿತಾಯ ಇವುಗಳ ಬಗ್ಗೆ ನಾನು ಹೇಳಿದ್ದ ಯಾವ ಮಾತೂ ಆ ಪ್ರಶ್ನೆಗೆ ಉತ್ತರವಾಗಲಿಲ್ಲ. ಟ್ರೇ ವಿಂಡೋ ಮ್ಯಾನೇಜರಿನ ಜೊತೆಯಲ್ಲೇ ಬರಬೇಕೆಂದು ನಾನು ಹೇಳುವುದು ಈ ಕಾರಣಕ್ಕೆ.

ಇಷ್ಟೆಲ್ಲ ಒಪ್ಪಿದ ಮೇಲೂ ಒಳಗೆ ಬೇಡ ಎನ್ನುವುದೇಕೆ?

ವಿಂಡೋ ಮ್ಯಾನೇಜರ್ ತಡೆದು ನಿಂತರೆ ಪರದೆಯ ಮೇಲಿರುವ ಎಲ್ಲವೂ ನಿಂತಂತೆ. ವಿಂಡೋ ಬದಲಿಸಲಾಗದು, ಮುಚ್ಚಲಾಗದು, ಹೊಸದನ್ನು ತೆರೆಯಲಾಗದು. ಆದ್ದರಿಂದ ಅದರೊಳಗೆ ಸೇರುವ ಪ್ರತಿಯೊಂದು ಸಾಲು ಕೋಡ್ ಅಷ್ಟೇ ನಂಬಿಕೆಗೆ ಅರ್ಹವಾಗಿರಬೇಕು. ಟ್ರೇಯ ಕೋಡ್ ಸ್ವಭಾವತಃ ಅಂಥದ್ದಲ್ಲ, ಏಕೆಂದರೆ ಅದು ದಿನವಿಡೀ ವ್ಯವಹರಿಸುವುದು ಪರಿಚಯವಿಲ್ಲದ ತಂತ್ರಾಂಶಗಳೊಂದಿಗೆ. ಹಳೆಯ ಪದ್ಧತಿಯಲ್ಲಿ, ಸೇರಿಕೊಂಡ ವಿಂಡೋ ಇದ್ದಕ್ಕಿದ್ದಂತೆ ನಾಶವಾಗಬಹುದು, ತನ್ನ ಅಳತೆಯನ್ನು ತಾನೇ ಬದಲಿಸಬಹುದು, ಒಮ್ಮೆ ಕಾಣಿಸಿಕೊಂಡು ಮರುಕ್ಷಣ ಅಡಗಬಹುದು. ಇವೆಲ್ಲವನ್ನೂ ಸರಿಯಾದ ಕ್ರಮದಲ್ಲಿ ನಿಭಾಯಿಸದಿದ್ದರೆ, ಆಗಲೇ ಇಲ್ಲವಾದ ವಿಂಡೋ ಕುರಿತು ಸರ್ವರ್‌ಗೆ ಕೋರಿಕೆ ಹೋಗಿ ದೋಷ ಹಿಂದಿರುಗುತ್ತದೆ. ಹೊಸ ಪದ್ಧತಿಯಲ್ಲಿ, ಬೇರೆಯವರು ಕಳಿಸಿದ ಚಿತ್ರದ ಬಿಂದುಗಳನ್ನು ಬಿಡಿಸಬೇಕು, ಅವರು ಹೆಸರಿಸಿದ ಐಕಾನನ್ನು ಥೀಮ್ ಕಡತಕೋಶಗಳಲ್ಲಿ ಹುಡುಕಬೇಕು, ಎಸ್‌ವಿಜಿ ಕಡತವಿದ್ದರೆ ಅದನ್ನು ಚಿತ್ರವಾಗಿಸಬೇಕು, ಉತ್ತರ ಕೊಡದ ತಂತ್ರಾಂಶಕ್ಕಾಗಿ ಎಲ್ಲೂ ಕಾಯುತ್ತ ನಿಲ್ಲದಂತೆ ನೋಡಿಕೊಳ್ಳಬೇಕು. ಒಂದು ಐಕಾನ್ ಕೆಟ್ಟದ್ದಕ್ಕೆ ಇಡೀ ವಿಂಡೋ ಮ್ಯಾನೇಜರ್ ಬೆಲೆ ತೆರುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ಟ್ರೇ ಇರುವ ಬಾರ್ ಬೇರೆ ಪ್ರೋಸೆಸ್ ಆಗಿ, ಅಂದರೆ ಪ್ರತ್ಯೇಕವಾಗಿ ಓಡುವ ತಂತ್ರಾಂಶವಾಗಿ ಇದ್ದಾಗ, ಬಾರ್ ಬಿದ್ದರೆ ಬಾರ್ ಮಾತ್ರ ಬೀಳುತ್ತದೆ. ಅದನ್ನು ಮತ್ತೆ ಎಬ್ಬಿಸಿದರೆ, ಸರಿಯಾಗಿ ಬರೆದ ತಂತ್ರಾಂಶಗಳು ಹೊಸ ಒಡೆಯನ ಸಾರಿಕೆ ಕೇಳಿ ತಾವಾಗಿ ಮರಳಿ ಬಂದು ಸೇರಿಕೊಳ್ಳುತ್ತವೆ. ನಿಮ್ಮ ವಿಂಡೋಗಳು ಇದ್ದಲ್ಲೇ ಇರುತ್ತವೆ.

ಇನ್ನೊಂದು ಕಾರಣ ದುಡಿಮೆಗೆ ಸಂಬಂಧಿಸಿದ್ದು. ಟ್ರೇಗೆ ಈಗ ಎರಡು ಪದ್ಧತಿಗಳಿವೆ, ಅವುಗಳಲ್ಲಿ ಒಂದು ಪೂರ್ತಿ ನೆಲೆಯೂರಿಲ್ಲ. ತಂತ್ರಾಂಶಗಳ ವಿಂಡೋ, ಗುಂಡಿ, ಮೆನು ಕಟ್ಟಲು ಬಳಸುವ ಜಿಟಿಕೆ ಸಂಗ್ರಹದ 2.10ರಲ್ಲಿ ಬಂದ ಸ್ಟೇಟಸ್ ಐಕಾನ್ ಸೌಲಭ್ಯವನ್ನು 3.14ರಲ್ಲಿ ಬಳಸಬೇಡಿ ಎಂದು ಗುರುತಿಸಿ, ಜಿಟಿಕೆ 4ರಲ್ಲಿ ತೆಗೆದೇ ಹಾಕಲಾಯಿತು. ವಿಂಡೋಗಳನ್ನು ಜೋಡಿಸುವ ತರ್ಕ ಹೀಗೆ ಬದಲಾಗುವುದಿಲ್ಲ. ಬೇಗ ಬದಲಾಗುವುದನ್ನೂ ನಿಧಾನವಾಗಿ ಬದಲಾಗುವುದನ್ನೂ ಒಂದೇ ಪ್ರೋಸೆಸ್‌ನಲ್ಲಿ ಕಟ್ಟಿಹಾಕಿದರೆ, ಬಿಡುವಿನ ವೇಳೆಯಲ್ಲಿ ಒಬ್ಬಿಬ್ಬರು ನಡೆಸುವ ಯೋಜನೆಯ ಶ್ರಮವೆಲ್ಲ ಟ್ರೇಯ ದೂರುಗಳಿಗೇ ಮುಗಿದುಹೋಗುತ್ತದೆ.

ಡಿಡಬ್ಲ್ಯೂಎಂಗೆ ಟ್ರೇ ಪ್ಯಾಚ್ ಇದೆಯಲ್ಲ, ಅದು ಸಾಲದೇ?

ಡಿಡಬ್ಲ್ಯೂಎಂ 2006ರಿಂದ ಇರುವ ಪುಟ್ಟ ವಿಂಡೋ ಮ್ಯಾನೇಜರ್. ಅದರ ಸೋರ್ಸ್ ಕೋಡ್ 2000 ಸಾಲು ಮೀರಬಾರದೆಂಬುದು ಅದನ್ನು ಬರೆದವರ ಘೋಷಿತ ಸಂಕಲ್ಪ; ಹೊಂದಿಕೆ ಬದಲಿಸಬೇಕೆಂದರೆ ಹೆಡರ್ ಕಡತ ತಿದ್ದಿ ಮತ್ತೆ ಕಂಪೈಲ್ ಮಾಡಬೇಕು. ಟ್ರೇ ಬೇಕೆಂದವರು ಸೇರಿಸಿಕೊಳ್ಳಲು ಒಂದು ಪ್ಯಾಚ್, ಅಂದರೆ ಸೋರ್ಸ್ ಕೋಡಿನ ತಿದ್ದುಪಡಿಗಳ ಕಡತ, ಇದೆ. ಓದಿ ಕಲಿಯಲು ಅದು ಒಳ್ಳೆಯ ಪ್ಯಾಚ್, ಏಕೆಂದರೆ ಸಣ್ಣ ವಿಂಡೋ ಮ್ಯಾನೇಜರಿನೊಳಗೆ ಟ್ರೇ ಸೇರಿಸಿದರೆ ಘಟನೆಗಳನ್ನು ನಿಭಾಯಿಸುವ ಎಷ್ಟು ಕಡೆ ಕೈಹಾಕಬೇಕಾಗುತ್ತದೆ ಎಂಬುದು ಅಲ್ಲಿ ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಬಾರ್‌ಗೆ ಸಂಬಂಧಿಸಿದ ಇನ್ನೊಂದು ಪ್ಯಾಚ್ ಜೊತೆಗಿದ್ದರೆ ಎರಡೂ ಘರ್ಷಿಸುವುದು ಸಾಮಾನ್ಯ, ಆಗ ಕೈಯಾರೆ ಹೊಂದಿಸಬೇಕು. ಸಿ ಭಾಷೆ ಬಲ್ಲವರಿಗೆ ಸಾಕು. ಉಳಿದವರಿಗೆ ಇದನ್ನು ಪರಿಹಾರವೆಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಹಾಗಾದರೆ ಸರಿಯಾದ ಏರ್ಪಾಡು ಯಾವುದು?

ಐ3 ತೋರಿಸಿಕೊಟ್ಟದ್ದು. ಮೈಕೆಲ್ ಸ್ಟಾಪೆಲ್‌ಬರ್ಗ್ ಆರಂಭಿಸಿದ ಈ ವಿಂಡೋ ಮ್ಯಾನೇಜರಿನ 3ನೇ ಸರಣಿಯಲ್ಲಿ ವರ್ಕ್‌ಸ್ಪೇಸ್ ತೋರಿಸುವ ಬಾರ್ ಒಳಗೇ ಇತ್ತು. 2011ರ 4ನೇ ಆವೃತ್ತಿಯಲ್ಲಿ ಆ ಬಾರ್ ಹೊರಗೆ ಬಂದು ಐ3ಬಾರ್ ಎಂಬ ಪ್ರತ್ಯೇಕ ತಂತ್ರಾಂಶವಾಯಿತು. ಅದು ಸಾಕೆಟ್ ಎಂಬ ಸಂಪರ್ಕದ ಮೂಲಕ ಐ3 ಜೊತೆ ಮಾತನಾಡುತ್ತದೆ. ಟ್ರೇ ಇರುವುದು ಅದರಲ್ಲಿ. ಬಳಸುವವರು ಇದಾವುದನ್ನೂ ತಿಳಿದುಕೊಳ್ಳಬೇಕಾಗಿಲ್ಲ. ಐ3 ಹಾಕಿಕೊಂಡರೆ ಐ3ಬಾರ್ ಜೊತೆಗೇ ಬರುತ್ತದೆ, ಹೊಂದಿಕೆಯ ಕಡತದಲ್ಲಿ ಬಾರ್ ವಿಭಾಗವಿದ್ದರೆ ತಾನಾಗಿ ಶುರುವಾಗುತ್ತದೆ, ಟ್ರೇ ಕಾಣಿಸುತ್ತದೆ. ಬೇಡವೆಂದವರು ಒಂದೇ ಸಾಲಿನಲ್ಲಿ ಟ್ರೇ ನಿಲ್ಲಿಸಬಹುದು, ಅಥವಾ ಆ ವಿಭಾಗವನ್ನೇ ಅಳಿಸಿ ಪಾಲಿಬಾರ್‌ನಂತಹ ಬೇರೆ ಬಾರ್ ಹಾಕಿಕೊಳ್ಳಬಹುದು.

ಒಂದೇ ಯೋಜನೆ, ಒಂದೇ ಪ್ಯಾಕೇಜ್, ಬೇರೆ ಬೇರೆ ಪ್ರೋಸೆಸ್. ಈ ದಾರಿಯನ್ನೇ ಹಿಡಿದ ಸ್ವೇ, ಎಕ್ಸ್11ರ ಜಾಗಕ್ಕೆ ಬರುತ್ತಿರುವ ವೇಲ್ಯಾಂಡ್‌ನಲ್ಲಿ ಸ್ವೇಬಾರ್ ಕೊಡುತ್ತದೆ; ಅದರ ಟ್ರೇ ಡಿ-ಬಸ್ ಪದ್ಧತಿಯದು. ಬೇಡದವರು ಕಂಪೈಲ್ ಮಾಡುವಾಗಲೇ ಟ್ರೇ ಬಿಟ್ಟುಬಿಡಬಹುದು.

ಆಸಮ್ ಒಳಗೇ ಇಟ್ಟುಕೊಂಡಿದೆ, ಚೆನ್ನಾಗಿಯೇ ನಡೆಯುತ್ತಿದೆಯಲ್ಲ?

ಹೌದು, ನಡೆಯುತ್ತಿದೆ. 2007ರಲ್ಲಿ ಡಿಡಬ್ಲ್ಯೂಎಂನಿಂದ ಕವಲೊಡೆದ ಆಸಮ್ ಇಡೀ ಡೆಸ್ಕ್‌ಟಾಪನ್ನು ಒಂದೇ ಲುವಾ ಕಾರ್ಯಕ್ರಮವಾಗಿ ನೋಡುವ ಯೋಜನೆ. ಬಾರ್, ಮೆನು, ಅಧಿಸೂಚನೆ ಎಲ್ಲವೂ ಅಲ್ಲಿ ಒಳಗೇ ಇವೆ. ಆ ದೃಷ್ಟಿಗೆ ಒಳಗಿನ ಟ್ರೇ ಹೊಂದಿಕೊಳ್ಳುತ್ತದೆ. ನಾನು ಹೇಳುತ್ತಿರುವುದು ಸಾಮಾನ್ಯವಾಗಿ ಯಾವುದು ಸರಿ ಎಂಬುದನ್ನು. ತಮ್ಮ ವಿನ್ಯಾಸಕ್ಕೆ ತಕ್ಕಂತೆ ತಿಳಿದು ಬೇರೆ ದಾರಿ ಹಿಡಿದವರನ್ನು ತಪ್ಪೆನ್ನಲಾರೆ.

ವೇಲ್ಯಾಂಡ್ ಬಂದ ಮೇಲೆ ಈ ಚರ್ಚೆಗೆ ಅರ್ಥವಿದೆಯೇ?

ಮೊದಲಿಗಿಂತ ಹೆಚ್ಚು ಅರ್ಥವಿದೆ. ಎಕ್ಸ್11ನಲ್ಲಿ ವಿಂಡೋ ಮ್ಯಾನೇಜರ್ ಬಿದ್ದರೆ ಸರ್ವರ್ ಉಳಿದಿರುತ್ತಿತ್ತು, ತೆರೆದ ತಂತ್ರಾಂಶಗಳೂ ಸಾಮಾನ್ಯವಾಗಿ ಉಳಿಯುತ್ತಿದ್ದವು. ವೇಲ್ಯಾಂಡ್‌ನಲ್ಲಿ ಸರ್ವರ್, ಎಲ್ಲ ವಿಂಡೋಗಳನ್ನು ಸೇರಿಸಿ ಪರದೆಯ ಚಿತ್ರ ಕಟ್ಟುವ ಕಂಪೋಸಿಟರ್, ವಿಂಡೋ ಮ್ಯಾನೇಜರ್ ಮೂರೂ ಸಾಮಾನ್ಯವಾಗಿ ಒಂದೇ ಪ್ರೋಸೆಸ್. ಅದು ಬಿದ್ದರೆ ಉಳಿಸದ ಕಡತವೂ ಸೇರಿ ಇಡೀ ಸೆಷನ್ ಹೋದಂತೆಯೇ. ಅಂಥದ್ದರೊಳಗೆ ಪರಿಚಯವಿಲ್ಲದ ತಂತ್ರಾಂಶಗಳ ಐಕಾನ್ ಬಿಡಿಸುವ ಕೋಡ್ ಇಡಬೇಕೇ ಎಂದು ಎರಡು ಬಾರಿ ಯೋಚಿಸಬೇಕು.

ಒಳಗೆ ಇಡಬೇಕಾದ ಅಗತ್ಯವೂ ಕಡಿಮೆಯಾಗಿದೆ. ಒಬ್ಬರ ವಿಂಡೋವನ್ನು ಇನ್ನೊಬ್ಬರ ವಿಂಡೋದಲ್ಲಿ ಕೂರಿಸುವ ಹಳೆಯ ವಿಧಾನ ವೇಲ್ಯಾಂಡ್‌ನಲ್ಲಿ ಇಲ್ಲ. ಡಿ-ಬಸ್ ಪದ್ಧತಿಗೆ ಪರದೆಯ ಪ್ರೊಟೊಕಾಲ್ ಯಾವುದಾದರೂ ಒಂದೇ. ಬಾರ್‌ಗೆ ಪರದೆಯ ಅಂಚಿನಲ್ಲಿ ಜಾಗ ಕೊಡಲು ಲೇಯರ್ ಶೆಲ್ ಎಂಬ ಪ್ರೊಟೊಕಾಲ್ ಇದೆ. ಸ್ವೇ, ಹೈಪರ್‌ಲ್ಯಾಂಡ್, ಲ್ಯಾಬ್‌ಡಬ್ಲ್ಯೂಸಿ ಮುಂತಾದವು ಅದನ್ನು ಒಪ್ಪುವುದರಿಂದ ವೇಬಾರ್‌ನಂತಹ ಹೊರಗಿನ ತಂತ್ರಾಂಶ ಬಾರ್ ಮತ್ತು ಟ್ರೇ ಎರಡನ್ನೂ ನೋಡಿಕೊಳ್ಳುತ್ತದೆ. ಕಂಪೋಸಿಟರ್ ಬರೆಯುವವರು ಲೇಯರ್ ಶೆಲ್ ಒಪ್ಪಿದರೆ ಟ್ರೇಗೆ ಅವರು ಮಾಡಬೇಕಾದದ್ದರಲ್ಲಿ ಬಹುಪಾಲು ಮುಗಿಯಿತು.

ಗ್ನೋಮ್ ಟ್ರೇಯನ್ನೇ ಕೈಬಿಟ್ಟಿತಲ್ಲ, ಉಳಿದವರೂ ಹಾಗೇ ಮಾಡಬಹುದಲ್ಲ?

ಗ್ನೋಮ್ ಕೂಡ ಕೆಡಿಇಯಂತೆ ಒಂದು ಪೂರ್ಣ ಡೆಸ್ಕ್‌ಟಾಪ್. ಅದರ 3ನೇ ಆವೃತ್ತಿ ಬಂದದ್ದು 2011ರಲ್ಲಿ. ಆಗಿನಿಂದಲೇ ಹಳೆಯ ಟ್ರೇ ಐಕಾನ್‌ಗಳು ಪರದೆಯ ಕೆಳಭಾಗಕ್ಕೆ ಸರಿದವು, 2017ರ 3.26ನೇ ಆವೃತ್ತಿಯಲ್ಲಿ ಅವಕ್ಕಿದ್ದ ಜಾಗವೂ ಹೋಯಿತು. ಹಿನ್ನೆಲೆಯ ತಂತ್ರಾಂಶಗಳು ಅಧಿಸೂಚನೆಯ ಮೂಲಕ ಮಾತನಾಡಲಿ, ಬ್ಯಾಟರಿ, ಜಾಲ, ಧ್ವನಿಗಳನ್ನು ಡೆಸ್ಕ್‌ಟಾಪೇ ತೋರಿಸಲಿ ಎಂಬುದು ಅವರ ವಾದ. ಆ ವಾದಕ್ಕೆ ಒಂದು ಘನತೆಯಿದೆ. ಆದರೆ ತಂತ್ರಾಂಶಗಳು ಬದಲಾಗಲಿಲ್ಲ. ಉಬುಂಟು ಗ್ನೋಮ್‌ಗೆ ಮರಳಿದ 17.10ರಲ್ಲಿಯೇ ಆ್ಯಪ್‌ಇಂಡಿಕೇಟರ್ ಎಕ್ಸ್‌ಟೆನ್ಶನ್ ಸೇರಿಸಿಕೊಂಡು ಬಂತು. 2023ರ ಗ್ನೋಮ್ 44, ವಿಂಡೋ ಇಲ್ಲದೆ ಹಿನ್ನೆಲೆಯಲ್ಲಿ ಓಡುವ, ಫ್ಲ್ಯಾಟ್‌ಪ್ಯಾಕ್ ಎಂಬ ಪ್ಯಾಕೇಜ್ ರೂಪದಲ್ಲಿ ಬರುವ ತಂತ್ರಾಂಶಗಳ ಪಟ್ಟಿಯನ್ನು ಮೇಲಿನ ಮೆನುವಿನಲ್ಲಿ ತೋರಿಸತೊಡಗಿತು. ಹೆಸರು ಬೇರೆಯಾದರೂ ಅಗತ್ಯ ಅದೇ ಎಂದು ಇದರಿಂದ ತಿಳಿಯುತ್ತದೆ.

ಕೆಡಿಇ ಕತೆಯೂ ಇದನ್ನೇ ಹೇಳುತ್ತದೆ. ಕೆಡಿಇ ಡೆಸ್ಕ್‌ಟಾಪ್ ಆದ ಪ್ಲಾಸ್ಮಾದ 2014ರ 5ನೇ ಆವೃತ್ತಿ ಎಕ್ಸ್‌ಎಂಬೆಡ್ ಬೆಂಬಲವನ್ನು ಬಿಟ್ಟಿತು. ಮರುವರ್ಷದ ಕೊನೆಗೆ 5.5ನೇ ಆವೃತ್ತಿಯಲ್ಲಿ ಹಳೆಯ ಐಕಾನ್‌ಗಳನ್ನು ಹೊಸ ಪದ್ಧತಿಗೆ ಮಾರ್ಪಡಿಸುವ ಮಧ್ಯವರ್ತಿಯೊಂದನ್ನು ಸೇರಿಸಬೇಕಾಯಿತು. ಅದು ಕೂಡ ಪ್ರತ್ಯೇಕ ಪ್ರೋಸೆಸ್ ಎಂಬುದನ್ನು ಗಮನಿಸಿ. ಇಷ್ಟು ದೊಡ್ಡ ಯೋಜನೆಗಳೇ ಪೂರ್ತಿ ಕೈಬಿಡಲಾಗದ್ದನ್ನು ಸಣ್ಣ ವಿಂಡೋ ಮ್ಯಾನೇಜರ್‌ಗಳು ನಿರ್ಲಕ್ಷಿಸಿದರೆ ಕಷ್ಟ ಬಳಸುವವರಿಗೇ.

ಎರಡು ಮಾನಿಟರ್ ಇದ್ದರೆ ಎರಡರಲ್ಲೂ ಟ್ರೇ ಬರುತ್ತದೆಯೇ?

ಎಕ್ಸ್‌ಎಂಬೆಡ್ ಪದ್ಧತಿಯಲ್ಲಿ ಬರುವುದಿಲ್ಲ. ಒಂದು ವಿಂಡೋ ಏಕಕಾಲಕ್ಕೆ ಎರಡು ಕಡೆ ಇರಲಾರದು, ಒಡೆತನವೂ ಒಬ್ಬನದೇ. ಯಾವ ಮಾನಿಟರಿನಲ್ಲಿ ಎಂಬುದನ್ನು ಮಾತ್ರ ಆರಿಸಬಹುದು. ಡಿ-ಬಸ್ ಪದ್ಧತಿಯಲ್ಲಿ ಎಲ್ಲ ಮಾನಿಟರ್‌ಗಳಲ್ಲೂ ತೋರಿಸಬಹುದು.

ನನ್ನ ವಿಂಡೋ ಮ್ಯಾನೇಜರಿನಲ್ಲಿ ಟ್ರೇ ಇಲ್ಲ. ಈಗ ಏನು ಮಾಡಲಿ?

ಎಕ್ಸ್11 ಬಳಸುತ್ತಿದ್ದರೆ ಟ್ರೇಯರ್ ಅಥವಾ ಸ್ಟಾಲೋನ್‌ಟ್ರೇ ಹಾಕಿಕೊಳ್ಳಿ. ಇವು ಟ್ರೇ ಕೆಲಸವನ್ನಷ್ಟೇ ಮಾಡುತ್ತವೆ. ಗಡಿಯಾರ, ವಿಂಡೋ ಪಟ್ಟಿ ಕೂಡ ಬೇಕಿದ್ದರೆ ಟಿಂಟ್2 ಅಥವಾ ಪಾಲಿಬಾರ್ ನೋಡಿ. ವೇಲ್ಯಾಂಡ್‌ನಲ್ಲಿ ವೇಬಾರ್ ಸಾಕು. ಲಾಗಿನ್ ಆದಾಗ ಓಡುವ ಕಡತದಲ್ಲಿ ಟ್ರೇಯನ್ನು ಮೊದಲು ಬರೆಯಿರಿ, ಐಬಸ್, ಎನ್‌ಎಂ-ಆ್ಯಪ್ಲೆಟ್, ಬ್ಲೂಟೂತ್ ನೋಡಿಕೊಳ್ಳುವ ಬ್ಲೂಮನ್ ಇವುಗಳನ್ನು ಅದರ ಕೆಳಗೆ ಬರೆಯಿರಿ.

ಕನ್ನಡದ ಸ್ಥಿತಿ ತಿಳಿಯುವುದಷ್ಟೇ ಬೇಕಿದ್ದರೆ ಟ್ರೇ ಇಲ್ಲದೆಯೂ ಸಾಧ್ಯ. ಟರ್ಮಿನಲ್‌ನಲ್ಲಿ ಐಬಸ್ ಆಜ್ಞೆಗೆ ಎಂಜಿನ್ ಎಂಬ ಪದ ಸೇರಿಸಿ ಓಡಿಸಿದರೆ ಈಗ ಬಳಕೆಯಲ್ಲಿರುವ ವಿನ್ಯಾಸದ ಹೆಸರನ್ನು ಅದು ಹೇಳುತ್ತದೆ. ಆ ಹೆಸರನ್ನು ಆಗಾಗ ಓದಿ ‘ಕ’ ಅಥವಾ ‘ಇಂ’ ಎಂದು ಬಾರ್‌ನಲ್ಲಿ ಬರೆಯುವ ನಾಲ್ಕು ಸಾಲಿನ ಸ್ಕ್ರಿಪ್ಟ್ ನನ್ನ ಗಣಕದಲ್ಲಿ ವರ್ಷಗಳಿಂದ ಓಡುತ್ತಿದೆ. ಐಕಾನಿಗಿಂತ ದಪ್ಪಕ್ಷರದ ‘ಕ’ ಕಣ್ಣಿಗೆ ಬೇಗ ಬೀಳುತ್ತದೆ.

ಟ್ರೇ ಓಡುತ್ತಿದೆ, ಆದರೂ ಕೆಲವು ಐಕಾನ್ ಬರುತ್ತಿಲ್ಲ. ಏಕೆ?

ಬಹುತೇಕ ಸಲ ತಂತ್ರಾಂಶ ಒಂದು ಪದ್ಧತಿಯಲ್ಲಿ ಮಾತನಾಡುತ್ತಿರುತ್ತದೆ, ಟ್ರೇ ಇನ್ನೊಂದರಲ್ಲಿ ಕಾಯುತ್ತಿರುತ್ತದೆ. ಐ3ಬಾರ್, ಟ್ರೇಯರ್, ಸ್ಟಾಲೋನ್‌ಟ್ರೇ ಇವಕ್ಕೆ ತಿಳಿದಿರುವುದು ಎಕ್ಸ್‌ಎಂಬೆಡ್. ವೇಬಾರ್‌ಗೆ ತಿಳಿದಿರುವುದು ಡಿ-ಬಸ್ ಪದ್ಧತಿ. ಎಕ್ಸ್11ನಲ್ಲಿ ಎಸ್‌ಎನ್‌ಐಎಕ್ಸ್‌ಎಂಬೆಡ್ ಎಂಬ ಪುಟ್ಟ ಮಧ್ಯವರ್ತಿ ಹೊಸ ಪದ್ಧತಿಯ ಐಕಾನ್‌ಗಳನ್ನು ಹಳೆಯ ಟ್ರೇಗೆ ತಲುಪಿಸುತ್ತದೆ. ಎನ್‌ಎಂ-ಆ್ಯಪ್ಲೆಟ್‌ಗೆ ಇಂಡಿಕೇಟರ್ ಎಂಬ ಆಯ್ಕೆ ಕೊಟ್ಟರೆ ಅದು ಹೊಸ ಪದ್ಧತಿಗೆ ಬದಲಾಗುತ್ತದೆ. ಎರಡು ಟ್ರೇ ತಂತ್ರಾಂಶಗಳನ್ನು ಒಟ್ಟಿಗೆ ಓಡಿಸುತ್ತಿಲ್ಲವೆಂಬುದನ್ನೂ ಖಚಿತಪಡಿಸಿಕೊಳ್ಳಿ; ಒಡೆತನ ಒಬ್ಬರಿಗೇ ಸಿಗುವುದರಿಂದ ಇನ್ನೊಂದು ಖಾಲಿ ಉಳಿಯುತ್ತದೆ.

ನಾನೇ ಒಂದು ವಿಂಡೋ ಮ್ಯಾನೇಜರ್ ಬರೆಯುತ್ತಿದ್ದೇನೆ. ಟ್ರೇ ವಿಚಾರದಲ್ಲಿ ಎಲ್ಲಿಂದ ಶುರು ಮಾಡಲಿ?

ಟ್ರೇಯಿಂದ ಶುರು ಮಾಡಬೇಡಿ. ಎಕ್ಸ್11 ಆಗಿದ್ದರೆ ಮೊದಲು ಬಾರ್‌ಗಳು ಬಳಸುವ ಡಾಕ್ ಬಗೆಯ ವಿಂಡೋಗಳನ್ನು ಗುರುತಿಸಿ, ಅವು ಪರದೆಯ ಅಂಚಿನಲ್ಲಿ ಕಾದಿರಿಸಿಕೊಂಡ ಜಾಗದ ಮೇಲೆ ಬೇರೆ ವಿಂಡೋ ಹರಡದಂತೆ ನೋಡಿಕೊಳ್ಳಿ. ಇಡಬ್ಲ್ಯುಎಂಎಚ್ ಇದರ ವಿವರ ಕೊಡುತ್ತದೆ. ವೇಲ್ಯಾಂಡ್ ಆಗಿದ್ದರೆ ಲೇಯರ್ ಶೆಲ್ ಅಳವಡಿಸಿ. ಇಷ್ಟಾದರೆ ಈಗಿರುವ ಬಾರ್‌ಗಳಲ್ಲಿ ಬಹುಪಾಲು ನಿಮ್ಮಲ್ಲಿಯೂ ನಡೆಯುತ್ತವೆ. ಅನಂತರ ವರ್ಕ್‌ಸ್ಪೇಸ್ ಮಾಹಿತಿಯನ್ನು ಸಾಕೆಟ್ ಮೂಲಕ ಹೊರಗೆ ಕೊಡಿ. ಕೊನೆಗೆ, ನೀವೇ ಪರೀಕ್ಷಿಸಿದ ಒಂದು ಬಾರ್ ಅನ್ನು ಪ್ಯಾಕೇಜಿನ ಜೊತೆ ಬರುವಂತೆ ಮಾಡಿ, ಮಾದರಿ ಹೊಂದಿಕೆಯ ಕಡತದಲ್ಲಿ ಅದು ಟ್ರೇಯೊಂದಿಗೆ ತಾನಾಗಿ ಶುರುವಾಗುವಂತೆ ಬರೆದಿಡಿ. ಪರೀಕ್ಷಿಸುವಾಗ ಕನ್ನಡವೋ ಜಪಾನಿಯೋ, ಇಂಗ್ಲಿಷಲ್ಲದ ಒಂದು ಭಾಷೆಯ ಇನ್‌ಪುಟ್ ವಿಧಾನವನ್ನು ಓಡಿಸಿ, ಭಾಷೆ ಬದಲಿಸಿದಾಗ ಐಕಾನ್ ಬದಲಾಗುತ್ತದೆಯೇ ಎಂದು ನೋಡಿ. ಅನಂತರ ಬಾರ್ ಅನ್ನು ಬೇಕೆಂದೇ ಕೊಂದು ಮತ್ತೆ ಎಬ್ಬಿಸಿ, ಆ ಐಕಾನ್ ತಾನಾಗಿ ಮರಳಿ ಬರುತ್ತದೆಯೇ ಎಂದು ನೋಡಿ.